ಕಾಫಿಯಿಂದ ತಲಾ ಕೊಬ್ಬಿನ ಪೂರೈಕೆ: ಗ್ರಾಫ್ ಮೆಟ್ಟಿಲಿನ ಹಾಗೆ ಏರುವುದು ಯಾಕೆ?

ಕೋಡಿಬಾಗ_ಅಕ್ಕೋರು

ನಮಸ್ಕಾರ. ಕಾರವಾರದ ಪದವಿ ವಿದ್ಯಾರ್ಥಿಗಳ ಪ್ರಾಜೆಕ್ಟ್ ಒಂದಕ್ಕೆ ಎಫ್‌ಎಒದ (ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ) ಫುಡ್ ಬ್ಯಾಲೆನ್ಸ್ ಶೀಟ್, ಅಂದರೆ ಒಂದೊಂದು ದೇಶಕ್ಕೆ ಸಿಗುವ ಆಹಾರದ ವಾರ್ಷಿಕ ಲೆಕ್ಕಪಟ್ಟಿ, ಬಳಸುತ್ತಿದ್ದೇವೆ. ‘ಕಾಫಿ ಮತ್ತು ಉತ್ಪನ್ನಗಳು’ (ಐಟಂ 2630) ಸಾಲಿನಲ್ಲಿ ತಲಾ ದಿನಕ್ಕೆ ಎಷ್ಟು ಗ್ರಾಂ ಕೊಬ್ಬು ಎಂಬ ಲೆಕ್ಕ ಇದೆ. ಭಾರತದಂಥ, ತಲಾ ಬಳಕೆ ತೀರಾ ಕಡಿಮೆ ಇರುವ ದೇಶಗಳ ಗ್ರಾಫ್ ಹಾಕಿದರೆ ಕೆಲವು ವರ್ಷ ಬರೀ ಅಡ್ಡಗೆರೆ, ಆಮೇಲೆ ಒಮ್ಮೆಲೇ ಮೆಟ್ಟಿಲು ಹತ್ತಿದ ಹಾಗೆ ದುಪ್ಪಟ್ಟು. “ಕಾಫಿಯಿಂದ ಬರುವ ಕೊಬ್ಬು ಎರಡು ಪಟ್ಟಾಗಿದೆ” ಎಂದು ಮಕ್ಕಳು ಬರೆದಿದ್ದಾರೆ. ಹಾಗೆ ಹೇಳಬಹುದೇ? 1961ರಿಂದ ಈಚಿನವರೆಗೆ ಒಂದೇ ಗೆರೆ ಎಳೆಯಬಹುದೇ?

ನಿಲೇಕಣಿ_ಲೆಕ್ಕ

ಅಕ್ಕೋರೆ, ಎರಡಕ್ಕೂ ಉತ್ತರ ‘ಬೇಡ’ ಎಂದೇ.

ಮೊದಲು ಮೆಟ್ಟಿಲಿನ ವಿಷಯ. ಅಲ್ಲಿ ಕೊಬ್ಬನ್ನು ಎರಡು ದಶಾಂಶಕ್ಕೆ ರೌಂಡ್ ಮಾಡಿ ಕೊಡುತ್ತಾರೆ. ಬೀಜದಲ್ಲಿ ನೂರಕ್ಕೆ 10 ಗ್ರಾಂ ಕೊಬ್ಬು ಎಂದು ಇಟ್ಟುಕೊಂಡು ನೋಡಿ. ತಲಾ ವರ್ಷಕ್ಕೆ 54 ಗ್ರಾಂ ಬೀಜವಾದರೆ ದಿನಕ್ಕೆ 0.0148 ಗ್ರಾಂ ಕೊಬ್ಬು, ಪಟ್ಟಿಯಲ್ಲಿ ಅದು 0.01. ಅದೇ 55 ಗ್ರಾಂ ಆದರೆ 0.0151, ಪಟ್ಟಿಯಲ್ಲಿ 0.02. ವರ್ಷಕ್ಕೆ ಒಂದೇ ಒಂದು ಗ್ರಾಂ ಬೀಜ ಹೆಚ್ಚಾಗಿದ್ದಕ್ಕೆ ಗ್ರಾಫ್ ನೂರಕ್ಕೆ ನೂರು ಏರಿತು! ತಲಾ ಕೆ.ಜಿ. ಅಂಕಣದಲ್ಲೂ ಇದೇ ತೊಂದರೆ, ಅದನ್ನೂ ನಂಬಿ ಕೂರಬೇಡಿ.

ಹೀಗೆ ಮಾಡಿ: ಅದೇ ಸಾಲಿನ ‘ಆಹಾರ’ ಅಂಕಣ ಸಾವಿರ ಟನ್‌ಗಳಲ್ಲಿ ಇರುತ್ತದೆ, ಜನಸಂಖ್ಯೆ ಸಾವಿರಗಳಲ್ಲಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ, 10 ಲಕ್ಷದಿಂದ ಗುಣಿಸಿದರೆ ತಲಾ ವರ್ಷಕ್ಕೆ ಎಷ್ಟು ಗ್ರಾಂ ಎಂದು ಸಿಗುತ್ತದೆ. ಉದಾಹರಣೆಗೆ 90 ಸಾವಿರ ಟನ್, 140 ಕೋಟಿ ಜನ ಎಂದರೆ 64.3 ಗ್ರಾಂ, ದಿನಕ್ಕೆ 0.176 ಗ್ರಾಂ ಬೀಜ. ಇದನ್ನು ಕೊಬ್ಬಿನ ಗುಣಾಂಕದಿಂದ (ಒಂದು ಗ್ರಾಂ ಬೀಜಕ್ಕೆ ಎಷ್ಟು ಗ್ರಾಂ ಕೊಬ್ಬು ಎಂಬ ಸಂಖ್ಯೆ) ಗುಣಿಸಿ. ಗುಣಾಂಕ ಬೇಕಾದರೆ ಕಾಫಿ ಜಾಸ್ತಿ ಕುಡಿಯುವ ಫಿನ್ಲೆಂಡಿನಂಥ ದೇಶದ ಸಾಲು ತೆಗೆದುಕೊಳ್ಳಿ: ದಿನದ ಕೊಬ್ಬನ್ನು 365ರಿಂದ ಗುಣಿಸಿ, ತಲಾ ವಾರ್ಷಿಕ ಗ್ರಾಂನಿಂದ ಭಾಗಿಸಿ. ಅಲ್ಲಿ ಸಂಖ್ಯೆ ದೊಡ್ಡದಾದ್ದರಿಂದ ರೌಂಡ್ ಮಾಡಿದ ದೋಷ ಕಾಣಿಸುವುದಿಲ್ಲ. ಹಲವು ವರ್ಷಗಳಿಗೆ ಮಾಡಿ ನೋಡಿ. ಗುಣಾಂಕ ಹೆಚ್ಚುಕಡಿಮೆ ಅಷ್ಟಕ್ಕೇ ನಿಂತಿದ್ದರೆ ನೀವು ನೋಡುತ್ತಿರುವುದು ಕೊಬ್ಬಿನ ಏರಿಳಿತವಲ್ಲ, ಬೀಜದ ತೂಕದ ಏರಿಳಿತ. ಮಕ್ಕಳಿಗೆ ಇದು ಅರ್ಥವಾದರೆ ಪ್ರಾಜೆಕ್ಟ್ ಮುಕ್ಕಾಲು ಮುಗಿದ ಹಾಗೆ.

ಇನ್ನು 1961ರ ಗೆರೆ. ಹಳೇ ವಿಧಾನದ ಸರಣಿ 2013ಕ್ಕೆ ನಿಲ್ಲುತ್ತದೆ, ಹೊಸದು 2010ರಿಂದ ಶುರು. ದಾಸ್ತಾನು, ನಷ್ಟ, ಆಹಾರದ ಪಾಲು ಇವನ್ನು ಅಂದಾಜಿಸುವ ಕ್ರಮವೇ ಬೇರೆಯಾಗಿದೆ. 2010ರಿಂದ 2013ರವರೆಗಿನ ನಾಲ್ಕು ವರ್ಷ ಎರಡರಲ್ಲೂ ಇವೆ. ಅವನ್ನು ಪಕ್ಕಪಕ್ಕ ಇಟ್ಟು ನೋಡಿ, ಎರಡು ಗೆರೆಗಳಾಗಿಯೇ ಬಿಡಿಸಿ. ಸಂಖ್ಯೆಯ ಪಕ್ಕದ ಗುರುತನ್ನೂ ಉಳಿಸಿಕೊಳ್ಳಿ: ‘ಎ’ ಇದ್ದರೆ ಅಧಿಕೃತ, ‘ಇ’ ಇದ್ದರೆ ಅಂದಾಜು, ‘ಐ’ ಇದ್ದರೆ ಲೆಕ್ಕದಿಂದ ತುಂಬಿಸಿದ್ದು.

ಬನವಾಸಿ_ರಸ್ತೆ

ಲೆಕ್ಕ ಸರಿ ಇದೆ. ಆದರೆ ‘ಆಹಾರ’ ಅಂಕಣವೇ ಅಲ್ಲಾಡುವಂಥದ್ದು ಎನ್ನುವುದನ್ನು ಸೇರಿಸಬೇಕು. ಅದನ್ನು ಯಾರೂ ಮನೆಮನೆಗೆ ಹೋಗಿ ಅಳೆದದ್ದಲ್ಲ. ಉತ್ಪಾದನೆಗೆ ಆಮದು ಕೂಡಿಸಿ, ರಫ್ತು ಕಳೆದು, ದಾಸ್ತಾನು ಸರಿಹೊಂದಿಸಿದ ಮೇಲೆ ಉಳಿಯುವುದರಿಂದ ಬರುವ ಲೆಕ್ಕ.

ಭಾರತದಲ್ಲಿ ಬೆಳೆದ ಕಾಫಿಯ ಬಹುಪಾಲು ಹೊರಗೆ ಹೋಗುತ್ತದೆ. ದೊಡ್ಡ ಸಂಖ್ಯೆಯಿಂದ ದೊಡ್ಡ ಸಂಖ್ಯೆ ಕಳೆದು ಉಳಿದ ಚಿಕ್ಕದು ನಮ್ಮ ಬಳಕೆ. ರಫ್ತಿನಲ್ಲಿ ಸ್ವಲ್ಪ ಎಡವಟ್ಟಾದರೂ ಪೆಟ್ಟು ಪೂರ್ತಿ ಇಲ್ಲಿಗೇ ಬೀಳುತ್ತದೆ. ಎಡವಟ್ಟು ಎಲ್ಲಿ ಆಗುತ್ತದೆ ಅಂದರೆ, ಕಾಫಿ ವರ್ಷ ಅಕ್ಟೋಬರಿನಿಂದ ಸೆಪ್ಟೆಂಬರ್, ಪಟ್ಟಿ ಮಾತ್ರ ಕ್ಯಾಲೆಂಡರ್ ವರ್ಷದ್ದು. ಡಿಸೆಂಬರಿನಲ್ಲಿ ಕೊಯ್ದದ್ದು ಒಂದು ವರ್ಷಕ್ಕೆ, ಅದೇ ಬೀಜದ ರಫ್ತು ಮರುವರ್ಷಕ್ಕೆ. ಅರೇಬಿಕಾ ಒಂದು ವರ್ಷ ಜೋರು ಹಿಡಿದರೆ ಮರುವರ್ಷ ಸೊರಗುವುದೂ ಇದ್ದದ್ದೇ.

ಎರಡನೆಯದು ಇನ್‌ಸ್ಟಂಟ್ ಪುಡಿ. ಎಲ್ಲವನ್ನೂ ಹಸಿರು (ಹುರಿಯದ) ಬೀಜದ ತೂಕಕ್ಕೆ ತಿರುಗಿಸಬೇಕು. ಅಂತರರಾಷ್ಟ್ರೀಯ ಕಾಫಿ ಸಂಸ್ಥೆಯ ಗುಣಕಗಳು ಹೀಗಿವೆ: ಹುರಿದದ್ದಕ್ಕೆ 1.19, ಇನ್‌ಸ್ಟಂಟ್‌ಗೆ 2.6, ಪಾರ್ಚ್‌ಮೆಂಟ್‌ಗೆ (ಒಳಸಿಪ್ಪೆ ಸಮೇತದ ಬೀಜ) 0.8, ಒಣಗಿಸಿದ ಚೆರ್ರಿಗೆ (ಇಡೀ ಹಣ್ಣು) 0.5. ನಮ್ಮಲ್ಲಿ ಹೊರಗಿನಿಂದ ರೊಬಸ್ಟಾ ತರಿಸಿ, ಇನ್‌ಸ್ಟಂಟ್ ಮಾಡಿ ಮತ್ತೆ ಹೊರಗೆ ಕಳಿಸುವ ಕಾರ್ಖಾನೆಗಳಿವೆ. 1 ಕೆ.ಜಿ. ಇನ್‌ಸ್ಟಂಟ್‌ಗೆ ನಿಜವಾಗಿ ಹಿಡಿದ ಬೀಜ 2.6 ಕೆ.ಜಿ.ಗಿಂತ ಕಡಿಮೆಯಿದ್ದರೆ ಆ ವ್ಯತ್ಯಾಸವೂ ನಮ್ಮ ಲೋಟದಿಂದಲೇ ಕಳೆದುಹೋಗುತ್ತದೆ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ತೋಟಗಳಲ್ಲಿ ಮಧ್ಯೆಮಧ್ಯೆ ಕಾಫಿ ಹಾಕಿ, ಮನೆ ಖರ್ಚಿಗೆ ಅಂಗಳದಲ್ಲೇ ಒಣಗಿಸಿ ಹುರಿದುಕೊಳ್ಳುವುದು ಯಾವ ಮಂಡಿಯ ಲೆಕ್ಕಕ್ಕೂ ಬರುವುದಿಲ್ಲ. ದೇಶದ ಮೊತ್ತಕ್ಕೆ ಅದು ಸಣ್ಣದು, ಬಿಡಿ. ಮೂರು ವರ್ಷದ ಸರಾಸರಿ ಹಾಕಿ, ಆಗ ಗೆರೆ ನಂಬುವಷ್ಟು ನೇರವಾಗುತ್ತದೆ.

ಕೋಡಿಬಾಗ_ಅಕ್ಕೋರು

ಬಹಳ ಉಪಕಾರವಾಯಿತು. ಇನ್ನೊಂದು ಸಂದೇಹ: ಈ ಕೊಬ್ಬು ಕುಡಿಯುವವರ ಹೊಟ್ಟೆಗೆ ಹೋಗುತ್ತದೆಯೇ?

ಅಘನಾಶಿನಿ_ದಂಡೆ

ಬಹುಪಾಲು ಹೋಗುವುದಿಲ್ಲ. ಬೀಜದಲ್ಲಿ ಕೊಬ್ಬು ಇರುವುದು ನಿಜ, ಅರೇಬಿಕಾದಲ್ಲಿ ನೂರಕ್ಕೆ ಸುಮಾರು 15, ರೊಬಸ್ಟಾದಲ್ಲಿ ಸುಮಾರು 10. ಆದರೆ ಎಣ್ಣೆ ನೀರಿನಲ್ಲಿ ಕರಗುವುದಿಲ್ಲ. 10 ಗ್ರಾಂ ಪುಡಿಯಲ್ಲಿ ಗ್ರಾಂ, ಒಂದೂವರೆ ಗ್ರಾಂ ಎಣ್ಣೆ ಇದ್ದರೆ ಹೆಚ್ಚಿನದೆಲ್ಲ ಚರಟದಲ್ಲೇ ಕೂತಿರುತ್ತದೆ. ಸೋಸಿದ ಕಪ್ಪು ಕಾಫಿಯ 100 ಗ್ರಾಂನಲ್ಲಿ ಕೊಬ್ಬು ಸುಮಾರು 0.02 ಗ್ರಾಂ ಅಷ್ಟೇ.

ಹಾಲು ಹಾಕಿದಾಗ ಲೆಕ್ಕ ಬೇರೆ. ಟೋನ್ಡ್ ಹಾಲಿನಲ್ಲಿ ನೂರಕ್ಕೆ 3, ಫುಲ್ ಕ್ರೀಮ್‌ನಲ್ಲಿ 6. ಒಂದು ಲೋಟಕ್ಕೆ 100 ಮಿ.ಲೀ. ಟೋನ್ಡ್ ಹಾಲು ಹಿಡಿದರೆ ಮೂರು ಗ್ರಾಂ ಕೊಬ್ಬು. ಈ ಮೂರು ಗ್ರಾಂ ಆ ಪಟ್ಟಿಯಲ್ಲಿ ಹಾಲಿನ ಸಾಲಿಗೆ ಸೇರುತ್ತದೆ, ಕಾಫಿಗಲ್ಲ. ‘ಕಾಫಿಯ ಕೊಬ್ಬು’ ಎಂದು ಶೀರ್ಷಿಕೆ ಕೊಟ್ಟರೆ ಓದುವವರು ಹಾಲಿನದ್ದನ್ನೇ ನೆನೆಯುತ್ತಾರೆ. ‘ಕಾಫಿ ಬೀಜದ ಮೂಲಕ ಲೆಕ್ಕಕ್ಕೆ ಬಂದ ಕೊಬ್ಬು’ ಎಂದು ಬರೆಸಿ.

ಆದರೂ ಆ ಚೂರು ಎಣ್ಣೆಯನ್ನು ಪೂರ್ತಿ ಮರೆಯುವ ಹಾಗಿಲ್ಲ. ಅದರಲ್ಲಿ ಕೆಫೆಸ್ಟಾಲ್, ಕಾವಿಯೋಲ್ ಎಂಬ ವಸ್ತುಗಳಿವೆ. ಮಿಲಿಗ್ರಾಂ ಲೆಕ್ಕದಲ್ಲಿದ್ದರೂ ದಿನಾ ನಾಲ್ಕಾರು ಲೋಟವಾದರೆ ಕೆಟ್ಟ ಕೊಲೆಸ್ಟ್ರಾಲ್ ಏರಿಸುತ್ತವೆ. ಕಾಗದದ ಫಿಲ್ಟರ್ ಅವನ್ನು ಹೆಚ್ಚುಕಡಿಮೆ ಪೂರ್ತಿ ತಡೆಯುತ್ತದೆ, ಪುಡಿ ಕುದಿಸಿ ತಿಳಿ ಬಗ್ಗಿಸಿದರೆ ತಡೆಯೇ ಇಲ್ಲ. ನಮ್ಮ ಸ್ಟೀಲ್ ಫಿಲ್ಟರಿನಲ್ಲಿ ಪುಡಿಯ ಪದರವೇ ಸ್ವಲ್ಪ ಹಿಡಿದುಕೊಂಡರೂ ಅದು ಕಾಗದಕ್ಕೆ ಸಮವಲ್ಲ. ಫಿನ್ಲೆಂಡಿನ ಜನ ಕುದಿಸಿದ ಕಾಫಿ ಬಿಟ್ಟು ಕಾಗದದಲ್ಲಿ ಸೋಸಿದ್ದಕ್ಕೆ ಹೊರಳಿದ್ದು ಅಲ್ಲಿ ಕೊಲೆಸ್ಟ್ರಾಲ್ ಇಳಿಯಲು ಒಂದು ಕಾರಣ. ಈ ಬದಲಾವಣೆ ಫುಡ್ ಬ್ಯಾಲೆನ್ಸ್ ಶೀಟಿನಲ್ಲಿ ಕಾಣಿಸುವುದೇ ಇಲ್ಲ. ಬೀಜದ ತೂಕ ಅಷ್ಟೇ ಇದ್ದರೆ ಕೊಬ್ಬಿನ ಅಂಕಣವೂ ಅಷ್ಟೇ. ಪ್ರಾಜೆಕ್ಟ್‌ನಲ್ಲಿ ಇದೊಂದು ಪ್ಯಾರಾ ಇರಲೇಬೇಕು.

ನಿಲೇಕಣಿ_ಲೆಕ್ಕ

ಒಂದು ಸೇರ್ಪಡೆ. ಮನೆಖರ್ಚಿನ ಸಮೀಕ್ಷೆಯ ಕಾಫಿ ಪುಡಿಯೊಡನೆ ಹೋಲಿಸುವುದಾದರೆ ಚಿಕೋರಿ ನೆನಪಿರಲಿ. ಮಿಶ್ರ ಪುಡಿಯಲ್ಲಿ ಕಾಫಿ ಕನಿಷ್ಠ 51 ಪಾಲು ಇರಬೇಕು ಎಂದು ನಿಯಮ. ಅಂದರೆ 100 ಗ್ರಾಂ ಪುಡಿಯಲ್ಲಿ ಚಿಕೋರಿಯೇ 49 ಗ್ರಾಂವರೆಗೆ ಇರಬಹುದು. ಉಳಿದ 51ನ್ನು 1.19ರಿಂದ ಗುಣಿಸಿದರೆ ಹಸಿರು ಬೀಜ 60.7 ಗ್ರಾಂ. ಶುದ್ಧ ಪುಡಿ ಎಂದು ತಿಳಿದರೆ 119. ಎರಡನ್ನೂ ಮೇಲಿನ, ಕೆಳಗಿನ ಮಿತಿ ಎಂದು ಇಟ್ಟು, ಬ್ಯಾಲೆನ್ಸ್ ಶೀಟಿನ ಸಂಖ್ಯೆ ಇವುಗಳ ನಡುವೆ ಬೀಳುತ್ತದೆಯೇ ನೋಡಲು ಹೇಳಿ. ಹೋಟೆಲಿನಲ್ಲಿ ಕುಡಿದದ್ದು ಸಮೀಕ್ಷೆಯಲ್ಲಿ ಕಪ್‌ಗಳ ಲೆಕ್ಕದಲ್ಲಿ ಬೇರೆ ಸಾಲಿನಲ್ಲಿರುತ್ತದೆ, ಕಪ್‌ಗೆ ಎಷ್ಟು ಗ್ರಾಂ ಎಂದು ಹಿಡಿದಿರೋ ಅದನ್ನು ಗ್ರಾಫಿನ ಕೆಳಗೇ ಬರೆಸಿ.