ಹಳೇ ಝೆನ್: ಇಂಜಿನ್ ನೀರಿನ ಪೈಪ್ ತೂತು ಬಿದ್ದದ, ಏನ್ ಮಾಡ್ಲಿ?

ಮಾಳಮಡ್ಡಿ ಝೆನ್:
ಎಲ್ಲಾರಿಗೂ ನಮಸ್ಕಾರ್ರಿ. ನಮ್ಮನ್ಯಾಗ 1998ರ ಕಾರ್ಬೊರೇಟರ್ ಇರೋ ಮಾರುತಿ ಝೆನ್ ಕಾರ್ ಅದ, ಅಪ್ಪ ತಗೊಂಡಿದ್ದು. ದಿನಾ ಧಾರವಾಡದಿಂದ ಹುಬ್ಬಳ್ಳಿಗೆ ಅದರಾಗ ಹೋಗಿ ಬರ್ತೀನಿ. ಇತ್ತಿತ್ಲಾಗ ರೇಡಿಯೇಟರ್ ನೀರು ಕಡಿಮಿ ಆಗ್ಲಿಕತ್ತದ. ಮುಂಜಾನೆ ನೋಡಿದ್ರ ಗಾಡಿ ಕೆಳಗ ಅಂಗೈಯಷ್ಟು ನೆಲ ಹಸಿ ಆಗಿರ್ತದ. ಉಣಕಲ್ ಹತ್ರ ಟ್ರಾಫಿಕ್‌ನ್ಯಾಗ ನಿಂತ್ರ ಬಿಸಿ ತೋರ್ಸೋ ಮುಳ್ಳು ಅರ್ಧ ದಾಟ್ತದ, ಗಾಡಿ ಓಡ್ಲಿಕತ್ತ ಮ್ಯಾಲ ಇಳೀತದ.

ಏರ್ ಕ್ಲೀನರ್ ಬಿಚ್ಚಿ ಟಾರ್ಚ್ ಹಿಡಿದು ನೋಡಿದೆ. ಇನ್‌ಟೇಕ್ ಮ್ಯಾನಿಫೋಲ್ಡ್ (ಇಂಜಿನ್ನಿಗೆ ಗಾಳಿ-ಪೆಟ್ರೋಲ್ ಒಯ್ಯೋ ನಾಳ) ಕೆಳಗ ಬ್ಲಾಕಿಗೆ ಹತ್ತಿ ವಾಟರ್ ಪಂಪಿಗೆ ಹೋಗೋ ಕಬ್ಬಿಣದ ಪೈಪ್ ಅದಲಾ, ಅದರ ಮ್ಯಾಲ ತುಕ್ಕಿನ ಬೊಕ್ಕಿ ಎದ್ದಾವ. ಒಂದರ ಸುತ್ತ ಬಿಳೇ ಉಪ್ಪಿನಂಥಾದ್ದು ಕಟ್ಟ್ಯದ.

ಒಬ್ಬ ಮೇಸ್ತ್ರಿ, ನಡುವ ಕೊಯ್ದು ರಬ್ಬರ್ ಹೋಜ್ ಹಾಕಿ ಕ್ಲಿಪ್ ಬಿಗೀತೀನಿ ಅಂದ. ಇನ್ನೊಬ್ಬ ಎಂ-ಸೀಲ್ ಸಾಕು ಅಂದ. ನಾ ಕೇಳಿದ ಅಂಗಡ್ಯಾಗ ಹೊಸಾ ಪೈಪ್ ಸಿಗಲಿಲ್ಲ. ಮುಂದಿನ ತಿಂಗಳ ಹಾವೇರಿಗೆ ಮದವಿಗೆ ಮನೀ ಮಂದಿನೆಲ್ಲಾ ಕರಕೊಂಡು ಹೋಗಬೇಕು. ಪಾನಾ ಸೆಟ್ ನನ್ನ ಹತ್ರ ಅದ, ಸಣ್ಣ ಪುಟ್ಟ ಕೆಲಸ ನಾನೇ ಮಾಡ್ಕೋತೀನಿ. ತಿಳಿದವ್ರು ಹೇಳ್ರಿ.

ಶಿಗ್ಗಾವಿ ಆಮ್ನಿ:
ಎಂ-ಸೀಲ್ ಮನೀ ಮುಟ್ಟಾಕ ಅಷ್ಟ ಬರತೈತ್ರಿ. ಫ್ರಿಜ್ ರಿಪೇರಿ ಮಾಡೋರ ಹತ್ರ ತಾಮ್ರದ ಪೈಪ್ ಬಾಗಿಸಿ ಹಾಕಿಸ್ಕೊರಿ, ತುಕ್ಕಿನ ಚಿಂತೀನ ಇಲ್ಲ. ಹಂಗ ಥರ್ಮೋಸ್ಟಾಟ್‌ನೂ (ಇಂಜಿನ್ ಬಿಸಿ ಆಗೋತನಕ ರೇಡಿಯೇಟರ್ ಕಡೆ ನೀರು ತಡಿಯೋ ವಾಲ್ವ್) ಕಿತ್ತು ಒಗೀರಿ, ಇಂಜಿನ್ ತಂಪಿರತೈತಿ.

ಹಳೇ ಹುಬ್ಬಳ್ಳಿ ಲೇತ್:
ಮಾಳಮಡ್ಡಿಯವರ, ಪೈಪ್ ಒಂದ ಕಡೆ ತೂತು ಬಿದ್ದೈತಿ ಅಂದ್ರ ಉಳದದ್ದು ಗಟ್ಟಿ ಐತಿ ಅಂತ ತಿಳೀಬ್ಯಾಡ್ರಿ. ತುಕ್ಕು ಒಳಗಿಂದ ತಿನ್ಕೊಂತ ಬಂದಿರತೈತಿ. ನಡುವ ಕೊಯ್ದು ರಬ್ಬರ್ ಹಾಕಿದ್ರ ಕ್ಲಿಪ್ ಕೂಡೋದು ಅದ ತೆಳು ಪೈಪಿನ ಮ್ಯಾಲ. ಬಿಗಿದ್ರ ಚಪ್ಪಟಿ ಆಗತೈತಿ, ಸಡಲ ಬಿಟ್ರ ಸೋರತೈತಿ. ಮ್ಯಾಲ ಕೊಯ್ದ ತುದಿಗೆ ಉಬ್ಬು ಇರಂಗಿಲ್ಲ. ಹೋಜ್ ಜಾರದಂಗ ಹಿಡಿಯೋದು ಆ ಉಬ್ಬು. ಬಿಸಿ ಆದಾಗ ಒಳಗ ಹೆಚ್ಚುಕಡಿಮಿ ಒಂದು ಬಾರ್ ಪ್ರೆಶರ್ ಇರತೈತ್ರಿ.

ನಿಮ್ಮದು 993 ಸಿಸಿ ಜಿ10ಬಿ ಇಂಜಿನ್, ಬ್ಲಾಕ್ ಮತ್ತ ಅದರ ಮ್ಯಾಲ ಕೂಡೋ ಹೆಡ್ ಎರಡೂ ಅಲ್ಯೂಮಿನಿಯಂ. ಒಮ್ಮೆ ಜೋರ್ ಬಿಸಿ ಆತಂದ್ರ ಹೆಡ್ ಬಾಗಿ ನಡುವಿನ ಗ್ಯಾಸ್ಕೆಟ್ ಹೋಗತೈತಿ. ಬಾಗಿದ ಹೆಡ್ ನನ್ನ ಹತ್ರ ಫೇಸಿಂಗ್‌ಗೆ (ಮಾರಿ ಸಪಾಟ ಮಾಡಾಕ) ಬರತಾವ, ನೋಡಿದ್ರ ಹೊಟ್ಟಿ ಉರೀತೈತಿ. ಬಾಳಷ್ಟು ಹೆಡ್ ಹಿಂಥಾ ಸಣ್ಣ ಪೈಪಿನ ಸೋರಿಕಿಯಿಂದ ಹಾಳಾದವು. ಇನ್ನೊಂದು ಮಾತು: ನೀರು ಪೂರಾ ಖಾಲಿ ಆದಾಗ ಮುಳ್ಳನ್ನ ನಂಬಬ್ಯಾಡ್ರಿ. ಸೆನ್ಸರಿಗೆ ನೀರು ತಾಗದಿದ್ರ ಅದು ಖರೇ ಬಿಸಿ ತೋರಸಂಗಿಲ್ಲ. ಮುಳ್ಳು ಕೆಳಗ ಐತಿ ಅಂತ ಓಡಿಸ್ಕೊಂತ ಹೋಗಿ ಇಂಜಿನ್ ಸೀಜ್ ಮಾಡ್ಕೊಂಡವ್ರದಾರ.

ಅದಕ್ಕ ಪೈಪ್ ಇಡೀ ಬಿಚ್ಚ್ರಿ. ಹಿಂದಿನ ರಾತ್ರಿನ ಬೋಲ್ಟಿಗೆಲ್ಲಾ ತುಕ್ಕು ಬಿಡಿಸೋ ಎಣ್ಣಿ ಹೊಡೀರಿ. ಇಂಜಿನ್ ಪೂರಾ ಆರಿದ ಮ್ಯಾಲ, ಬ್ಯಾಟರಿ ಮೈನಸ್ ತಗದು, ರೇಡಿಯೇಟರ್ ನೀರು ಬುಟ್ಟಿಗೆ ಇಳಿಸ್ರಿ. ನೆಲಕ್ಕ ಬಿಡಬ್ಯಾಡ್ರಿ, ಕೂಲಂಟ್ (ರೇಡಿಯೇಟರ್ ನೀರಿಗೆ ಕೂಡಿಸೋ ದ್ರವ) ರುಚಿ ಸಿಹಿ ಇರತೈತಿ, ನಾಯಿ ನೆಕ್ಕಿದ್ರ ಸಾಯತಾವ. ಬೋಲ್ಟ್ ಅಲ್ಯೂಮಿನಿಯಂನ್ಯಾಗ ಕುಂತಿರತಾವ, ಬಿರುಸಾಗಿದ್ರ ಜಗ್ಗಾಡಬ್ಯಾಡ್ರಿ, ಒಂದೀಟು ಹಿಂದಕ ಒಂದೀಟು ಮುಂದಕ ಮಾಡ್ಕೊಂತ ತಗೀರಿ. ಮುರದ್ರ ಮತ್ತ ಡ್ರಿಲ್ ಕೆಲಸ ಬೀಳತೈತಿ.

ಹಳೇ ಪೈಪ್ ಒಗೀಬ್ಯಾಡ್ರಿ, ಅದ ನಮಗ ಮಾದರಿ. ಗೋಕುಲ ರೋಡ್ ಇಂಡಸ್ಟ್ರಿಯಲ್ ಎಸ್ಟೇಟ್ ಕಡೆ ಯಾವ್ದರ ಒಳ್ಳೆ ಲೇತಿಗೆ ತಗೊಂಡು ಹೋಗ್ರಿ. ಅದ ದಪ್ಪ, ಅದ ಬಾಗು, ಬ್ರಾಕೆಟ್ ಅದ ಜಾಗಾದಾಗ ಇರಬೇಕು. ಸ್ಟೀಲ್ ಪೈಪ್ ಆದ್ರ ಚಲೋ, ಹೋಜ್ ಕೂಡೋ ತುದಿಗೆ ಉಬ್ಬು ತಪ್ಪದ ಹಾಕಸ್ರಿ. ಪಂಪಿನ ಬಾಯಿಗೆ ಹೋಗೋ ತುದಿ ಅಳತಿಗೆ ಸರಿ ಇದ್ದು ನುಣ್ಣಗ ಇರಬೇಕು, ಅಲ್ಲಿ ಗೀರು ಇದ್ರ ಹೊಸಾ ಓ-ರಿಂಗ್ (ಸೋರದಂಗ ಹಿಡಿಯೋ ರಬ್ಬರ್ ಬಳಿ) ಹಾಕಿದ್ರೂ ಸೋರತೈತಿ. ಓ-ರಿಂಗ್‌ಗೆ ಗ್ರೀಸ್ ಹಚ್ಚಬ್ಯಾಡ್ರಿ. ಈ ಕೆಲಸಕ್ಕ ಬರೋ ರಬ್ಬರ್ ಪೆಟ್ರೋಲಿಯಂ ಗ್ರೀಸಿಗೆ ಉಬ್ಬತೈತಿ. ಒಂದು ಹನಿ ಕೂಲಂಟ್ ಹಚ್ಚಿ ನೆಟ್ಟಗ ಒತ್ರಿ.

ಶಿಗ್ಗಾವಿ ಅಣ್ಣಾರ, ತಾಮ್ರ ಇಂಜಿನ್ ನಡುಕಕ್ಕ ಬರಬರತಾ ಬಿರುಸಾಗಿ ಬ್ರಾಕೆಟ್ ಹತ್ರ ಸೀಳತೈತಿ, ಅದಕ್ಕ ನಾ ಹಾಕಂಗಿಲ್ಲ. ಥರ್ಮೋಸ್ಟಾಟ್ ಮಾತ್ರ ಕೀಳಬ್ಯಾಡ್ರೆಪಾ. ಅದಿಲ್ಲದ ಇಂಜಿನ್ ಬಿಸಿ ಆಗೂದು ತಡಾ ಆಗಿ ಪೆಟ್ರೋಲ್ ಜಾಸ್ತಿ ಕುಡೀತೈತಿ, ಪಿಸ್ಟನ್ ರಿಂಗ್, ಸಿಲಿಂಡರ್ ಬೋರ್ ಸವೀತಾವ. ಕೆಟ್ಟಿದ್ರ ಹೊಸಾದು ಹಾಕ್ರಿ.

ಗದಗಿನಾಂವ:
ಪೈಪ್ ಮಾಡಿಸಿ ಮತ್ತ ಬೋರಿನ ನೀರ ಹಾಕಿದ್ರ ಏನ್ ಬಂತ್ರಿ? ನಮ್ಮ ಕಡೆ ಬೋರಿನ ನೀರು ಕಾಸಿದ ಪಾತೇಲಿ ತಳದಾಗ ಬಿಳೇ ಪದರ ಕುಂದರತೈತಲ್ಲ, ರೇಡಿಯೇಟರ್ ನಾಳದಾಗೂ ಅದ ಕುಂದರತೈತಿ. ಬ್ಯಾಟರಿ ಅಂಗಡ್ಯಾಗ ಡಿಸ್ಟಿಲ್ಡ್ ವಾಟರ್ ಸಿಗತೈತಿ, ಅದನ್ನ ತರ್ರಿ.

ಮಾಳಮಡ್ಡಿ ಝೆನ್:
ಪೈಪ್ ಬಿಚ್ಚಿದೆ ಸರ್. ನೀವು ಹೇಳಿದಂಗ ಒಳಗ ಪೂರಾ ತಿಂದದ, ಸ್ಕ್ರೂಡ್ರೈವರ್ ಒತ್ತಿದ್ರ ಇನ್ನೊಂದು ತೂತು ಬಿತ್ತು. ಲೇತಿಗೆ ಕೊಟ್ಟು ಬಂದೀನಿ. ಕೂಲಂಟ್ ಎಷ್ಟು, ನೀರು ಎಷ್ಟು ಹಾಕ್ಲಿ? ಗಾಳಿ ಹೆಂಗ ತಗೀಬೇಕು?

ಹಳೇ ಹುಬ್ಬಳ್ಳಿ ಲೇತ್:
ಮೊದಲ ಸಾದಾ ನೀರು ಹಾಯಿಸಿ, ತುಕ್ಕಿನ ಬಣ್ಣ ಹೋಗೋತನಕ ತೊಳೀರಿ. ಆಮ್ಯಾಲ ಅರ್ಧ ಕೂಲಂಟ್, ಅರ್ಧ ಡಿಸ್ಟಿಲ್ಡ್ ವಾಟರ್. ಮೊದಲ ನೀರು ಕೂಡಿಸಿದ ರೆಡಿಮಿಕ್ಸ್ ಡಬ್ಬಿ ತಂದಿದ್ರ ನೀರು ಕೂಡಿಸಬ್ಯಾಡ್ರಿ. ಧಾರವಾಡ ಸಮುದ್ರಮಟ್ಟಕ್ಕಿಂತ 700 ಮೀಟರ್ ಮ್ಯಾಲ ಐತಿ, ಅಲ್ಲಿ ಸಾದಾ ನೀರು 98 ಡಿಗ್ರಿ ಸುಮಾರಿಗೇ ಕುದೀತೈತಿ. ಅರ್ಧರ್ಧ ಮಿಶ್ರಣ ಅದಕ್ಕಿಂತ ಏಳೆಂಟು ಡಿಗ್ರಿ ತಡಕೋತೈತಿ, ರೇಡಿಯೇಟರ್ ಕ್ಯಾಪಿನ ಪ್ರೆಶರ್ ಸೇರಿದ್ರ ಇನ್ನೂ ಮ್ಯಾಲ. ಅದಕ್ಕಿಂತ ದೊಡ್ಡ ಲಾಭ ಅಂದ್ರ ತುಕ್ಕು ತಡಿಯೋ ಔಷಧ ಅದರಾಗ ಇರತೈತಿ.

ಹೀಟರ್ ಪೂರಾ ಬಿಸಿ ಕಡೆ ತಿರುವಿ, ಕ್ಯಾಪ್ ತಗದ, ಸಾವಕಾಶ ತುಂಬ್ರಿ. ಇಂಜಿನ್ ಚಾಲೂ ಮಾಡಿ ಬಿಡ್ರಿ. ಗುಳ್ಳಿ ಏಳತಾವ, ಮಟ್ಟ ಇಳೀತೈತಿ, ಹಾಕ್ಕೊಂತ ಹೋಗ್ರಿ. ಥರ್ಮೋಸ್ಟಾಟ್ ಬಾಯಿ ತೆರದದ್ದು ರೇಡಿಯೇಟರ್ ಹೋಜ್ ಬಿಸಿ ಆದದ್ರ ಮ್ಯಾಲ ಗೊತ್ತಾಗತೈತಿ. ಗುಳ್ಳಿ ನಿಂತ ಮ್ಯಾಲ ಕ್ಯಾಪ್ ಹಾಕ್ರಿ. ಕ್ಯಾಪಿನ ರಬ್ಬರ್ ಸೀಳಿದ್ರ ಕ್ಯಾಪೂ ಹೊಸಾದು ತರ್ರಿ. ಆಮ್ಯಾಲ ಬಿಸಿ ಇದ್ದಾಗ ಎಂದೂ ಕ್ಯಾಪ್ ತಗೀಬ್ಯಾಡ್ರಿ, ಮಾರಿ ಸುಡತೈತಿ. ಒಂದೆರಡು ದಿನ ಊರಾಗ ಓಡಿಸಿ, ದಿನಾ ಮುಂಜಾನೆ ಆರಿದ ಇಂಜಿನ್‌ನ್ಯಾಗ ಮಟ್ಟ ನೋಡಿ, ಇಳೀಲಿಲ್ಲಂದ್ರ ಹಾವೇರಿಗೆ ಹೊಂಡ್ರಿ.