ವಾರ್ಡಿಗೆ ಹೋಗುವ ಮುಂಚೆ ರೋಗಿ ಪರೀಕ್ಷೆಯ ಪದಗಳನ್ನೆಲ್ಲ ನೀವು ಹೇಗೆ ಕಲಿತಿರಿ?

ನಾನು ನವಲಗುಂದ ಕಡೆಯವಳು. ಹುಬ್ಬಳ್ಳಿಯಲ್ಲಿ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮೊದಲ ವರ್ಷ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಮುಂದಿನ ತಿಂಗಳು ವಾರ್ಡ್ ಪೋಸ್ಟಿಂಗ್ ಇದೆ. ರೋಗಿಯನ್ನು ತಲೆಯಿಂದ ಕಾಲಿನವರೆಗೆ ಪರೀಕ್ಷೆ ಮಾಡುವ ಪಾಠದ ಪದಗಳು ಎಷ್ಟು ಬಾಯಿಪಾಠ ಮಾಡಿದರೂ ಮರುದಿನ ನೆನಪಿರಲ್ಲ. ಅನುಭವ ಇದ್ದವರು ದಯವಿಟ್ಟು ಹೇಳಿ.

ಹುಬ್ಬಳ್ಳಿಯಿಂದ, ಸ್ಟಾಫ್ ನರ್ಸ್:
ತಂಗೀ, ಉದ್ದನೆ ಪಟ್ಟಿ ಹಿಡಿದು ಕೂರಬೇಡ. ಮೊದಲು ನಾಲ್ಕೇ ಪದ ಸಾಕು. ಇನ್‌ಸ್ಪೆಕ್ಷನ್ ಅಂದರೆ ಕಣ್ಣಿಂದ ನೋಡುವುದು. ಪಾಲ್ಪೇಷನ್ ಕೈಯಿಂದ ಮುಟ್ಟಿ ನೋಡುವುದು. ಪರ್ಕಷನ್ ಬೆರಳಿಂದ ಬಡಿದು ನೋಡುವುದು. ಆಸ್ಕಲ್ಟೇಷನ್ ಸ್ಟೆತೊಸ್ಕೋಪ್ ಇಟ್ಟು ಕೇಳುವುದು. ಉಳಿದ ಪದಗಳು ಹೆಚ್ಚಾಗಿ ಈ ನಾಲ್ಕರಲ್ಲಿ ನಿನಗೆ ಸಿಕ್ಕಿದ್ದಕ್ಕೆ ಇಟ್ಟ ಹೆಸರು, ಅಷ್ಟೇ.

ಪರ್ಕಷನ್ ನನಗೆ ತಿಳಿದದ್ದು ಊರಿಗೆ ಹೋದಾಗ. ಅವ್ವ ಜೋಳದ ಡ್ರಮ್ಮಿಗೆ ಬೆರಳಲ್ಲಿ ಬಡಿದು ಕಾಳು ಎಲ್ಲಿವರೆಗೆ ಇದೆ ಅಂತ ನೋಡುತ್ತಿದ್ದಳು. ಖಾಲಿ ಇದ್ದಲ್ಲಿ ಡಣ್, ಕಾಳಿದ್ದಲ್ಲಿ ದಬ್. ಎದೆಯೂ ಹಾಗೇ. ಗಾಳಿ ತುಂಬಿದ ಶ್ವಾಸಕೋಶದ ಮೇಲೆ ಡಣ್, ಅದು ರೆಸೊನೆಂಟ್. ನೀರು ತುಂಬಿದ ಕಡೆ ದಬ್, ಅದು ಡಲ್. ಇದನ್ನು 1761ರಲ್ಲಿ ಬರೆದಿಟ್ಟ ಆಸ್ಟ್ರಿಯಾದ ವೈದ್ಯ ಆವೆನ್‌ಬ್ರುಗರ್ ಕೂಡ ಚಿಕ್ಕಂದಿನಲ್ಲಿ ಅಪ್ಪ ಪೀಪಾಯಿ ಬಡಿದು ನೋಡುತ್ತಿದ್ದುದನ್ನು ಕಂಡಿದ್ದ ಅಂತ ಹೇಳುತ್ತಾರೆ. ಎಡಗೈ ನಡುಬೆರಳು ಎದೆಗೆ ಒತ್ತಿ ಇಡು, ಬಲಗೈ ನಡುಬೆರಳ ತುದಿಯಿಂದ ಅದರ ಮೇಲೆ ಬಡಿ. ಮನೆಯಲ್ಲಿ ಗೋಡೆ, ಕಪಾಟು, ತೊಡೆ, ಏನು ಸಿಕ್ಕರೂ ಬಡಿದು ಕಲಿ.

ಕ್ರಮ ಹೀಗೆ: ನೋಡು, ಮುಟ್ಟು, ಬಡಿ, ಕೇಳು. ಹೊಟ್ಟೆಗೆ ಮಾತ್ರ ಬೇರೆ. ನೋಡಿದ ಕೂಡಲೇ ಕೇಳಬೇಕು, ಆಮೇಲೆ ಬಡಿಯಬೇಕು, ಕೊನೆಗೆ ಮುಟ್ಟಬೇಕು. ಮೊದಲ ವರ್ಷ ನಾನು ಒಬ್ಬರ ಹೊಟ್ಟೆ ಒತ್ತಿ ಮುಗಿಸಿ ಸ್ಟೆತೊಸ್ಕೋಪ್ ಇಡಲು ಹೋದೆ. ಹಿರಿಯ ಸಿಸ್ಟರ್ ಕೈ ಹಿಡಿದು ನಿಲ್ಲಿಸಿದರು. ಒತ್ತಿದರೆ ಕರುಳಿನ ಸದ್ದು ಬದಲಾಗುತ್ತದೆ, ಈಗ ಕೇಳೋದು ನೀನೇ ಎಬ್ಬಿಸಿದ ಸದ್ದು ಅಂದರು. ಅವತ್ತಿನಿಂದ ಒಮ್ಮೆಯೂ ತಪ್ಪಿಲ್ಲ.

ಗದಗದಿಂದ:
ಪದ ಮುರಿದು ನೋಡಿ, ಅರ್ಧ ಕೆಲಸ ಮುಗಿಯಿತು. ಟ್ಯಾಕಿ ಅಂದರೆ ವೇಗ, ಬ್ರ್ಯಾಡಿ ಅಂದರೆ ನಿಧಾನ. ಕಾರ್ಡಿಯಾ ಬಂದರೆ ಹೃದಯ, ಪ್ನಿಯಾ ಬಂದರೆ ಉಸಿರು. ದೊಡ್ಡವರಿಗೆ ನಾಡಿ ನಿಮಿಷಕ್ಕೆ 100 ದಾಟಿದರೆ ಟ್ಯಾಕಿಕಾರ್ಡಿಯಾ, 60ಕ್ಕಿಂತ ಕಮ್ಮಿ ಇದ್ದರೆ ಬ್ರ್ಯಾಡಿಕಾರ್ಡಿಯಾ. ಉಸಿರು 12ರಿಂದ 20 ಸರಿ. ಏಪ್ನಿಯಾ ಅಂದರೆ ಉಸಿರೇ ನಿಂತಿದೆ, ಆಗ ಬರೆಯುತ್ತಾ ಕೂರದೆ ಕೂಗಿ ಕರೆಯಿರಿ.

ಹಾವೇರಿಯಿಂದ:
ಇನ್ನೊಂದು ಮಾತು ಸೇರಿಸುತ್ತೇನೆ. ರೋಗಿಯ ಬಾಯಲ್ಲೇ ಪದ ಇರುತ್ತದೆ. ನಮ್ಮ ವಾರ್ಡಿನಲ್ಲಿ ಒಬ್ಬ ಅಜ್ಜ, "ಅಡ್ಡಾದ್ರ ದಮ್ಮ ಹತ್ತತದ್ರಿ ಅಕ್ಕಾರ, ಎದ್ದ ಕುಂತ್ರ ಆರಾಮ" ಅಂದರು. ಆರ್ಥಾಪ್ನಿಯಾ ಅಂದರೆ ಅದೇ! ಪುಸ್ತಕದಲ್ಲಿ ಇದಕ್ಕಿಂತ ಚೆನ್ನಾಗಿ ಹೇಳಿಲ್ಲ. ರಾತ್ರಿ ಎಷ್ಟು ತಲೆದಿಂಬು ಬೇಕು ಅಂತ ಕೇಳಿ, ಆ ಸಂಖ್ಯೆಯನ್ನೂ ಬರೆಯಿರಿ.

ಅವರ ಕಾಲಿಗೆ ಬಾವು ಬಂದಿತ್ತು. ಮೊಣಕಾಲಿನ ಕೆಳಗೆ ಎಲುಬಿನ ಮೇಲೆ ಹೆಬ್ಬೆರಳಿಂದ ಒತ್ತಿ ತೆಗೆದೆ. ಹಸಿ ಹಿಟ್ಟಿನ ಮೇಲೆ ಒತ್ತಿದ ಹಾಗೆ ಕುಳಿ ಉಳಿಯಿತು. ಪಿಟ್ಟಿಂಗ್ ಎಡೀಮಾ ಅನ್ನುವ ಪದ ಆಮೇಲೆ ಮರೆಯುವುದಾದರೂ ಹೇಗೆ?

ಬಣ್ಣ ನೋಡುವಾಗ ಕಿಟಕಿ ಹತ್ತಿರ ನೋಡಿ. ಟ್ಯೂಬ್‌ಲೈಟಿನಲ್ಲಿ ಕಣ್ಣಿನ ಹಳದಿ ಸರಿಯಾಗಿ ತಿಳಿಯಲ್ಲ. ಕೆಳಗಿನ ಕಣ್ಣರೆಪ್ಪೆ ಎಳೆದು ನೋಡಿ, ರಕ್ತ ಕಮ್ಮಿ ಇದ್ದು ಬಿಳಿಚಿದ್ದರೆ ಅದು ಪ್ಯಾಲರ್. ತುಟಿ, ನಾಲಿಗೆ ನೀಲಿಗಟ್ಟಿದ್ದರೆ ಸಯನೋಸಿಸ್, ತಡ ಮಾಡದೆ ಹೇಳಿ.

ಕೇಳಿದವಳು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್ ಅಕ್ಕಾ. ಓದಿದ ಮೇಲೆ ಮನೆಯಲ್ಲಿ ಅಜ್ಜಿಯ ಕಾಲು ಒತ್ತಿ ನೋಡಿದೆ. ಕುಳಿ ಬಿತ್ತು, ಎರಡೂ ಕಾಲಿಗೆ. ನಡೆದು ನಡೆದು ಹಾಗಾಗಿದೆ ಅಂತ ಅಜ್ಜಿ ಸುಮ್ನೆ ಇದ್ದರು. ನಾಳೆ ಮುಂಜಾನೆ ದವಾಖಾನೆಗೆ ಕರೆದುಕೊಂಡು ಹೋಗುತ್ತಿದ್ದೇವೆ.