ಹಳೆಯ ಫೋಟೋ ತಿದ್ದುವ ಉಚಿತ ತಂತ್ರಾಂಶ: ಯಾವುದು, ಎಲ್ಲಿಂದ ಇಳಿಸಿಕೊಳ್ಳಬೇಕು?

ಪ್ರಶ್ನೆ (ಶಿರಸಿಯಿಂದ):
ಯಕ್ಷಗಾನದ ಬಡಗುತಿಟ್ಟಿನ ವೇಷಧಾರಿಯಾಗಿದ್ದ ನನ್ನ ಅಜ್ಜನ ಸುಮಾರು 40 ಫೋಟೋಗಳನ್ನು ಸ್ಕ್ಯಾನ್ ಮಾಡಿಸಿದ್ದೇನೆ. ನಮ್ಮ ಕಡೆಯ ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿದು, ಒಂದರಲ್ಲಂತೂ ಕೇದಗೆ ಮುಂದಲೆ ಎಂಬ ತಲೆಯುಡುಗೆಯ ತುಂಬ ಬಿಳಿಯ ಚುಕ್ಕೆಗಳಾಗಿವೆ. ಇವನ್ನು ತಿದ್ದಲು ತಂತ್ರಾಂಶ ಹುಡುಕುತ್ತ, ಮೊದಲು ಕಂಡ ತಾಣದಲ್ಲಿದ್ದ ದೊಡ್ಡ ಹಸಿರು ‘ಡೌನ್‌ಲೋಡ್’ ಗುಂಡಿಯನ್ನು ಒತ್ತಿದೆ. ಬೇಕಾದದ್ದು ಬರಲಿಲ್ಲ, ಯಾವುದೋ ‘ಕ್ಲೀನರ್’ ಬಂದು ಕುಳಿತು ಬ್ರೌಸರಿನ ಮುಖಪುಟವೇ ಬದಲಾಯಿತು. ಅದನ್ನು ತೆಗೆಸಿದ್ದಾಗಿದೆ. ವಿಂಡೋಸ್ ಲ್ಯಾಪ್‌ಟಾಪಿಗೆ ಯಾವುದು ತಕ್ಕದ್ದು ಎಂದು ತಿಳಿದವರು ಹೇಳಬೇಕಾಗಿ ವಿನಂತಿ.

ಉತ್ತರ (ಕುಮಟಾದಿಂದ):
ತಮ್ಮ ಕೆಲಸಕ್ಕೆ ಗಿಂಪ್ ಸಾಕು. 1995ರಲ್ಲಿ ಬರ್ಕ್‌ಲಿ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು ಆರಂಭಿಸಿದ ಈ ಮುಕ್ತ ತಂತ್ರಾಂಶದ 3.0 ಆವೃತ್ತಿ 2025ರ ಮಾರ್ಚ್‌ನಲ್ಲಿ ಹೊರಬಂತು. ಹುಡುಕಾಟದ ಫಲಿತಾಂಶಗಳಲ್ಲಿ ಎಲ್ಲಕ್ಕಿಂತ ಮೇಲೆ ಬರುವುದು ಎಷ್ಟೋ ಸಲ ಜಾಹೀರಾತಾಗಿರುತ್ತದೆ. ಆದ್ದರಿಂದ ಹುಡುಕುವ ಬದಲು ಬ್ರೌಸರಿನ ವಿಳಾಸಪಟ್ಟಿಯಲ್ಲಿ ಗಿಂಪ್ ಡಾಟ್ ಆರ್ಗ್ ಎಂದು ತಾವೇ ಇಂಗ್ಲಿಷಿನಲ್ಲಿ ಟೈಪ್ ಮಾಡಿ. ಇಳಿಸುವ ಪುಟದಲ್ಲಿಯೇ ಎಸ್‌ಎಚ್‌ಎ-256 ಎಂಬ 64 ಅಕ್ಷರಗಳ ಸಂಕೇತ, ಅಂದರೆ ಆ ಕಡತದ ಬೆರಳಚ್ಚಿನಂಥದ್ದು, ಇರುತ್ತದೆ. ವಿಂಡೋಸಿನಲ್ಲಿ ಆದೇಶಗಳನ್ನು ಟೈಪ್ ಮಾಡುವ ಕಮಾಂಡ್ ಪ್ರಾಂಪ್ಟಿನಲ್ಲಿ, ಈ ಸಂಕೇತವನ್ನು ಲೆಕ್ಕಹಾಕುವ ಸರ್ಟ್‌ಯುಟಿಲ್ ಆದೇಶ ಕೊಟ್ಟು, ಇಳಿಸಿದ ಕಡತದ ಸಂಕೇತವನ್ನು ಅದರೊಂದಿಗೆ ತಾಳೆ ನೋಡಿ; ಒಂದಕ್ಷರ ತಪ್ಪಿದರೂ ಆ ಕಡತವನ್ನು ತೆರೆಯದೆ ಅಳಿಸಿಬಿಡಿ.

ಚುಕ್ಕೆಗಳಿಗೆ ‘ಹೀಲ್’ ಸಾಧನ ಬಳಸಿ. ಕಂಟ್ರೋಲ್ ಕೀಲಿ ಒತ್ತಿಕೊಂಡು ಚುಕ್ಕೆಯ ಪಕ್ಕದ ಸ್ವಚ್ಛ ಭಾಗದ ಮೇಲೆ ಒಮ್ಮೆ ಕ್ಲಿಕ್ ಮಾಡಿ, ಬಳಿಕ ಚುಕ್ಕೆಗಿಂತ ತುಸು ದೊಡ್ಡ ಕುಂಚದಿಂದ ಅದನ್ನು ಮುಟ್ಟಿದರೆ ಸಾಕು.

ಉತ್ತರ (ಕಾರವಾರದಿಂದ):
ಮೇಲಿನವರ ಮಾತು ಸರಿ, ಆದರೆ ಗಿಂಪ್ ಕೈಗೆ ಹತ್ತಲು ಕೆಲವು ದಿನ ಬೇಕು. ಏನನ್ನೂ ಸ್ಥಾಪಿಸದೆ ನೋಡಬೇಕೆಂದರೆ ಬ್ರೌಸರಿನಲ್ಲೇ ನಡೆಯುವ ಫೋಟೋಪಿಯಾ ಇದೆ. ಅದರಲ್ಲಿ ತೆರೆದ ಚಿತ್ರ ನಮ್ಮ ಗಣಕದಲ್ಲಿಯೇ ಉಳಿಯುತ್ತದೆ, ಜಾಹೀರಾತನ್ನು ಮಾತ್ರ ಸಹಿಸಬೇಕು. ಕ್ರಿಟಾ ಮುಖ್ಯವಾಗಿ ಚಿತ್ರ ಬಿಡಿಸುವವರಿಗೆ. ಅದು ಮೈಕ್ರೋಸಾಫ್ಟ್ ಸ್ಟೋರಿನಲ್ಲಿ ಹಣಕ್ಕೆ, ತನ್ನದೇ ತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಹಣ ಕೇಳಿದ ಮಾತ್ರಕ್ಕೆ ಮೋಸವೆಂದು ಗಾಬರಿಯಾಗಬೇಡಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಸಂಕೇತ ತಾಳೆಯಾದ ಮೇಲೆಯೇ ಗಿಂಪ್ ಹಾಕಿಕೊಂಡೆ. ಮುಖದ ಮೇಲಿನ ಚುಕ್ಕೆಗಳು ಸಲೀಸಾಗಿ ಹೋದವು. ಮುಂದಲೆಯ ಅಂಚಿನಲ್ಲಿ ಮಾತ್ರ ಹೀಲ್ ಸಾಧನವು ಹಿನ್ನೆಲೆಯ ಕಪ್ಪನ್ನು ಎಳೆದು ಮಸಿ ಮೆತ್ತಿದಂತೆ ಮಾಡುತ್ತಿದೆ.

ಕುಮಟಾದಿಂದ:
ಅಂಚುಗಳಲ್ಲಿ ಅದು ಹಾಗೆಯೇ, ಸುತ್ತಲಿನ ಬಣ್ಣವನ್ನು ಬೆರೆಸಿಬಿಡುತ್ತದೆ. ಅಲ್ಲಿ, ಬಣ್ಣ ಬೆರೆಸದೆ ಒಂದು ಭಾಗವನ್ನು ಇದ್ದಂತೆಯೇ ನಕಲಿಸುವ ‘ಕ್ಲೋನ್’ ಸಾಧನ ಬಳಸಿ. ಮೂಲ ಸ್ಕ್ಯಾನನ್ನು ಮುಟ್ಟದೆ, ಕೆಲಸವನ್ನು ಗಿಂಪಿನದೇ ಬಗೆಯಾದ ಎಕ್ಸ್‌ಸಿಎಫ್ ಕಡತವಾಗಿ ಬೇರೆ ಉಳಿಸಿಕೊಳ್ಳಿ.